ಯುವಶ್ರೀಯ ನೋವು ಗ್ಯಾಸಲ್ಲ

ಜೆಯಕುಮಾರಾ,

ನೀನು ಪಳನಿಯಲ್ಲಿ ದ್ರಾಕ್ಷಿ ಇಳಿಸಿ ಬರೋ ಹೊತ್ತಿಗೆ ನಾನೂ ನಿನ್ನ ಹೆಂಡ್ತಿ ಯುವಶ್ರೀಯೂ ದಿಂಡಿಗಲ್ ಆಸ್ಪತ್ರೆಯಲ್ಲಿರ್ತೀವಿ. ವ್ಯಾನು ಓಡಿಸುವಾಗ ಫೋನಿನಲ್ಲಿ ಹೇಳೋದು ಬೇಡ ಅಂತ ಬರೆದಿಟ್ಟಿದ್ದೀನಿ. ಗಾಬರಿ ಬೀಳಬೇಡ. ಇಡ್ಲಿ ಮುಚ್ಚಿಟ್ಟಿದೆ, ತಿನ್ನು.

ಹೋದ ವರ್ಷ ಯುವಶ್ರೀ ಹೊಟ್ಟೆಯ ಗಡ್ಡೆ ತೆಗೆದಾಗ, ಹೊಟ್ಟೆ ಕೊಯ್ಯಲಿಲ್ಲ, ಮೂರೇ ಸಣ್ಣ ತೂತು ಹಾಕಿದರು ಅಂತ ನೆಮ್ಮದಿಯಾಗಿದ್ವಿ. ಆಮೇಲೆ ಅವಳು ನೋವು ಅಂದಾಗಲೆಲ್ಲ ನೀನು ಗ್ಯಾಸು ಅಂದೆ, ನಾನು ಓಮದ ಕಷಾಯ ಕೊಟ್ಟೆ. ನಿನ್ನೆ ಪಾತ್ರೆ ತೊಳೆಯೋಕೆ ಬಗ್ಗಿದವಳು ಏಳಲಾರದೆ ಕೂತುಬಿಟ್ಟಳು. ಆಟೋದಲ್ಲಿ ಕಂಬಂ ಪೇಟೆಗೆ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ಒಳಗಿನ ಗಾಯ ಆರುವಾಗ ಕರುಳು ಗರ್ಭಕೋಶಕ್ಕೆ ಅಂಟಿಕೊಂಡಿದೆಯಂತೆ. ಆ ಸಂದಿನಲ್ಲಿ ನೀರು ತುಂಬಿ ಮತ್ತೆ ಗಡ್ಡೆ ಆಗಿದೆಯಂತೆ.

"ಇಷ್ಟು ದಿನ ಹೇಗಮ್ಮಾ ತಡೆದುಕೊಂಡೆ?" ಅಂತ ಡಾಕ್ಟರಮ್ಮ ಕೇಳಿದರು. ಅವಳು ನನ್ನ ಮುಖ ನೋಡಿದಳು. ನನಗೆ ತಲೆ ಎತ್ತೋಕಾಗಲಿಲ್ಲ.

ಮತ್ತೆ ಆಪರೇಷನ್ ಬೇಕಾ, ಬೇಡವಾ ಅಂತ ದಿಂಡಿಗಲ್‌ನಲ್ಲಿ ಹೇಳ್ತಾರೆ. ಹಳೇ ಆಪರೇಷನ್ ವಿಡಿಯೋ ಇರೋ ಸಿ.ಡಿ. ಎಲ್ಲಿಟ್ಟೆಯೋ, ಸಿಗಲಿಲ್ಲ. ಹುಡುಕಿ ತಗೊಂಡು ಮಧ್ಯಾಹ್ನದ ಬಸ್ಸಿಗೆ ಬಾ. ಎಮ್ಮೆಗೆ ನೀರಿಟ್ಟು ಬಾ.

ಬಂದವನು ಡಾಕ್ಟರ್ ಹತ್ತಿರ ಓಡಬೇಡ. ಮೊದಲು ಅವಳ ಪಕ್ಕ ಕೂತು, ಎಲ್ಲಿ ನೋಯ್ತದೆ ಅಂತ ಕೇಳು. ನಿನ್ನೆ ನಾನು ಕೇಳಿದ್ದಕ್ಕೇ ಅರ್ಧ ಗಂಟೆ ಅತ್ತಳು.

ಅವ್ವ