ಮೊದಲ ಮೂರು ಫ್ರೆಟ್

ಮಾರ್ಚ್ 3, ಮಂಗಳವಾರ

ಬೆಳಿಗ್ಗೆಯಿಂದ ಅಂಗಡಿಯಲ್ಲಿ ಹನ್ನೊಂದು ಡಬ್ಬ ಬಿಚ್ಚಿದ್ದಾಯಿತು. ಎಲ್ಲ ಅಗ್ಗದ ಎಲೆಕ್ಟ್ರಿಕ್ ಗಿಟಾರ್. ಮೂರು ಕಂಪನಿ, ಮೂರು ವಾಸನೆ. ಒಂದಕ್ಕೆ ವಾರ್ನಿಷ್, ಇನ್ನೊಂದಕ್ಕೆ ಹೊಸ ಚಪ್ಪಲಿ, ಮೂರನೆಯದಕ್ಕೆ ಏನೋ ದೇವರಿಗೇ ಗೊತ್ತು.

ಮಾಮೂಲಿ ಕ್ರಮ. ನೆಕ್, ಅಂದರೆ ಗಿಟಾರಿನ ಕುತ್ತಿಗೆ, ಕಣ್ಣಿನ ಮಟ್ಟಕ್ಕೆ ಹಿಡಿದು ನೇರ ಇದೆಯಾ ನೋಡುವುದು. ಅಡ್ಡಕ್ಕೆ ಕೂರಿಸಿದ ಫ್ರೆಟ್ ಕಡ್ಡಿಗಳ ತುದಿ ಅಂಗೈ ತರಚುತ್ತದಾ ಸವರಿ ನೋಡುವುದು. ಬಿರಡೆ ಜಾರುತ್ತದಾ, ಸ್ವಿಚ್ ಕರಕರ ಅನ್ನುತ್ತದಾ... ಆಮೇಲೆ ಕೈ ತಾನಾಗಿಯೇ ತಂತಿಯ ನಟ್ಟನಡುವಿನ ಹನ್ನೆರಡನೇ ಫ್ರೆಟ್‌ಗೆ ಹೋಗುತ್ತದೆ. ಅದೇ ಹಳೇ ತುಣುಕು ನುಡಿಸುತ್ತದೆ. ಅಷ್ಟರಲ್ಲಿ ತೀರ್ಪು ಸಿದ್ಧ. ಎ, ಬಿ, ಅಥವಾ ವಾಪಸ್. ಇಪ್ಪತ್ತಾರು ವರ್ಷ ಪಳಗಿದ ಕೈ. ತಪ್ಪುವುದಿಲ್ಲ.

ಓನರ್ ಎರಡು ಸಲ ಬಂದು ಗೋಡೆ ನೋಡಿ ಹೋದರು. ನನ್ನ ಮುಖ ನೋಡುವುದಿಲ್ಲ, ನನ್ನ ತಲೆಯ ಮೇಲಿರುವ ಗಡಿಯಾರ ನೋಡುತ್ತಾರೆ. ಗಿಟಾರ್ ಒಂದಕ್ಕೆ ಏಳು ನಿಮಿಷ ಅಂತ ಅವರ ಲೆಕ್ಕ. ಅಂಗಡಿಯವರೆಲ್ಲ ಹಿಂದಿನಿಂದ ಅವರನ್ನು ಗಡಿಯಾರ ಅಂತಲೇ ಕರೆಯುವುದು. ನಾನೂ.

ಇವತ್ತಿನ ಲೆಕ್ಕ: ಎ ಏಳು, ಬಿ ಮೂರು, ವಾಪಸ್ ಒಂದು. ಬಿ ಕೊಟ್ಟ ಕಪ್ಪು ಗಿಟಾರ್ ಅಂತೂ ನೋಡೋಕೇ ಬೇಜಾರು. ಯಾರೋ ಕಣ್ಣು ಮುಚ್ಚಿಕೊಂಡು ಬಣ್ಣ ಬಳಿದ ಹಾಗಿದೆ. ಮೂಲೆಗೆ ತಳ್ಳಿದೆ.

ಮಾರ್ಚ್ 7, ಶನಿವಾರ

ಅಕ್ಕ ಅಂಗಡಿಗೆ ಬಂದಿದ್ದಳು. ಹೇಳದೇ ಕೇಳದೇ.

ಗಂಟಲಿನ ಆಪರೇಷನ್ ಆಗಿ ಹದಿನಾಲ್ಕು ತಿಂಗಳು. ಗಡ್ಡೆ ಹೋಯಿತು, ಜೀವ ಉಳಿಯಿತು, ದನಿ ಹೋಯಿತು. ಈಗ ಉಳಿದಿರುವುದು ಒಡಕು ಪಿಸುಮಾತು. ಕ್ಲಿನಿಕ್‌ನಲ್ಲಿ ಟೋಕನ್ ನಂಬರ್ ಕೂಗುತ್ತಿದ್ದವಳನ್ನು ಹಿಂದಿನ ಫೈಲ್ ರೂಮಿಗೆ ಹಾಕಿದ್ದಾರೆ. ಶನಿವಾರ ಶನಿವಾರ ಬ್ಯಾಂಡ್ ಜೊತೆ ಹಾಡುತ್ತಿದ್ದದ್ದೂ ನಿಂತಿದೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತುವುದಿಲ್ಲ.

"ನಮ್ಮ ಬ್ಯಾಂಡ್ ಡ್ರಮ್ಮರ್ ಸಿಕ್ಕಿದ್ದ ಕಣೋ. ಜೂನ್ ಇಪ್ಪತ್ತಕ್ಕೆ ಲೈಬ್ರರಿ ಹಾಲ್‌ನಲ್ಲಿ ಪ್ರೋಗ್ರಾಂ ಇದೆಯಂತೆ. ಹಾಡೋಕೆ ಹೊಸ ಹುಡುಗಿ ಬಂದಿದ್ದಾಳೆ. ರಿದಮ್ ಗಿಟಾರ್‌ಗೆ ಜನ ಇಲ್ಲ. ಆರು ಕಾರ್ಡ್ ಕಲಿತ್ರೆ ಸಾಕು, ಅಲ್ಲೀವರೆಗೂ ನಿನ್ನ ಜಾಗ ಇಟ್ಟಿರ್ತೀನಿ ಅಂದ. ಅಷ್ಟರಲ್ಲಿ ಬರ್ಲಿಲ್ಲ ಅಂದ್ರೆ ಬೇರೆಯವರನ್ನ ಹಾಕ್ಕೋತಾರೆ."

ಆರೇ ಆರು ಸ್ವರಗುಚ್ಛ, ಏನು ಮಹಾ ಅನ್ನುವ ಹಾಗೆ ಹೇಳಿದಳು. ಆದರೆ ಕೈಚೀಲದ ಹಿಡಿ ತಿರುಚುತ್ತಿದ್ದಳು. ಐವತ್ತೊಂದು ವರ್ಷಕ್ಕೆ ಮೊದಲ ಸಲ ಗಿಟಾರ್ ಮುಟ್ಟುವವಳು. ಇದು ಕೈಗೆ ಬರದಿದ್ದರೆ ಅವಳಿಗೆ ಸಂಗೀತಕ್ಕೆ ಹೋಗುವ ಬೇರೆ ಬಾಗಿಲಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

"ತೀರಾ ಅಗ್ಗದ್ದು ಕೊಡು, ಸಾಕು" ಅಂದಳು. ನಾನು ಬಿಡುತ್ತೇನಾ. ಎ ಸಾಲಿನಿಂದ ಕೆಂಪು ಗಿಟಾರ್ ಇಳಿಸಿ ಕೊಟ್ಟೆ. ಬಜೆಟ್ ಮಾಲಿನಲ್ಲೇ ಮೇಲಿನದು. ಹೊಳಪು, ಚಂದದ ತಲೆ, ಬಂಗಾರದ ಬಣ್ಣದ ಸ್ಕ್ರೂ. "ಕಣ್ಣು ಮುಚ್ಚಿ ತಗೊಂಡು ಹೋಗು, ನಾನೇ ನೋಡಿರೋದು" ಅಂದೆ. ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದಳು.

ಮಾರ್ಚ್ 22, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಮೂರನೇ ಮಹಡಿ, ಕೆಳಗೆ ಲಾಂಡ್ರಿ, ಮನೆಯೆಲ್ಲ ಸೋಪಿನ ಗಮಲು. ಭಾವ ಬಾಗಿಲು ತೆಗೆದವರೇ ಕಣ್ಣಲ್ಲೇ ಒಳಕೋಣೆ ತೋರಿಸಿದರು.

ಎಡಗೈಯ ಮೂರು ಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡು ಕೂತಿದ್ದಾಳೆ.

"ಶ್ರುತಿ ಸೇರ್ತಿಲ್ಲ ಕಣೋ. ಬರೀ ತಂತಿ ಮೀಟಿದ್ರೆ ಸರಿ ಇರುತ್ತೆ. ಒತ್ತಿದ ತಕ್ಷಣ ಒಂಚೂರು ಮೇಲೆ ಹೋಗುತ್ತೆ."

ಶ್ರುತಿ ಅಳೆಯುವ ಟ್ಯೂನರ್ ಸಿಕ್ಕಿಸಿದೆ. ಬರೀ ತಂತಿ ಮೀಟಿದೆ, ಆರೂ ಕರಾರುವಾಕ್ಕು. ತೋರಿಸಿದೆ. "ಗಿಟಾರ್ ಸರಿಯಾಗಿದೆ. ನೀನು ಜೀವ ಹೋಗೋ ಹಾಗೆ ಅದುಮ್ತಿದ್ದೀಯ, ಅದಕ್ಕೆ."

"ಅದುಮದೇ ಇದ್ರೆ ಶಬ್ದಾನೇ ಬರಲ್ವಲ್ಲ."

"ಎಲ್ಲರಿಗೂ ಮೊದಮೊದಲು ನೋಯುತ್ತೆ. ಆಮೇಲೆ ಚರ್ಮ ಗಟ್ಟಿಯಾಗುತ್ತೆ."

ಈ ಮಾತನ್ನು ವಾರಕ್ಕೆ ಹತ್ತು ಗಿರಾಕಿಗಳಿಗೆ ಹೇಳುತ್ತೇನೆ. ಅವಳಿಗೂ ಅದೇ ಹೇಳಿ ಚಹಾ ಕುಡಿದು ಬಂದೆ.

ಏಪ್ರಿಲ್ 5, ಭಾನುವಾರ, ಸಂಜೆ

ಅಕ್ಕ ಗಿಟಾರನ್ನು ನಮ್ಮ ಮನೆಗೇ ವಾಪಸ್ ತಂದುಕೊಟ್ಟಳು. ಹಳೇ ಬೆಡ್‌ಶೀಟ್‌ನಲ್ಲಿ ಸುತ್ತಿ.

"ಗಂಟಲು ಹೋಯ್ತು. ಈಗ ಕಿವೀನೂ ಹೋಗಿದೆ ಅನ್ಸುತ್ತೆ. ನಿಂಗೆ ಸರಿಯಾಗಿ ಕೇಳೋದು ನಂಗೆ ಅಪಸ್ವರವಾಗಿ ಕೇಳ್ಸುತ್ತೆ. ಸಾಕು ಬಿಡು ಮಾರಾಯ."

ನಾನೇನು ಮಾಡಿದೆ? ಸಮಾಧಾನ ಹೇಳುವುದು ಬಿಟ್ಟು ರೇಗಿದೆ. ಒಂದು ತಿಂಗಳಿಗೇ ಕೈ ಚೆಲ್ಲಿದರೆ ಹೇಗೆ, ದಿನಕ್ಕೆ ಎಷ್ಟು ಹೊತ್ತು ಕೂರ್ತಿದ್ದೆ, ಹಾಗೆ ಹೀಗೆ. ಚಿಕ್ಕಂದಿನಿಂದ ಒಂದು ಮಾತಿಗೆ ನಾಲ್ಕು ಕೊಡುತ್ತಿದ್ದವಳು ಅವಳು. ಬೆಡ್‌ಶೀಟ್ ಮಾತ್ರ ನಾಲ್ಕು ಮಡಿಕೆ ಮಾಡಿ ಚೀಲಕ್ಕಿಟ್ಟುಕೊಂಡು ಹೋದಳು.

ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು: "ಅವರ ಕೈ ನೋಡಿದ್ರಾ?" ನೋಡಿರಲಿಲ್ಲ.

ಏಪ್ರಿಲ್ 6, ಸೋಮವಾರ, ಮಧ್ಯಾಹ್ನ 2

ಊಟಕ್ಕೂ ಎದ್ದಿಲ್ಲ. ಬರೆದುಬಿಡುತ್ತೇನೆ.

ಕೆಂಪು ಗಿಟಾರ್ ಬೆಂಚಿನ ಮೇಲಿಟ್ಟು ಮತ್ತೆ ಪರೀಕ್ಷೆ ಮಾಡಿದೆ. ಎಲ್ಲ ಸರಿ. ಅದೇ ತುಣುಕು ನುಡಿಸಿದೆ. ಸೊಗಸು. ಎ ಅಂದರೆ ಎ. ಒರೆಸಿ ಮತ್ತೆ ಗೋಡೆಗೆ ನೇತುಹಾಕೋಣ ಅಂತ ಬಟ್ಟೆ ತೆಗೆದುಕೊಂಡೆ. ಆಗ ಕಣ್ಣಿಗೆ ಬಿತ್ತು. ನೆಕ್ ಮೇಲೆ ಕೊಳೆ ಇರುವುದು ಮೊದಲ ಮೂರು ಫ್ರೆಟ್‌ನಲ್ಲಿ ಮಾತ್ರ. ಬೆವರು, ಪ್ಲಾಸ್ಟರಿನ ಅಂಟು, ಒಂದು ಕಡೆ ಕಂದು ಕಲೆ. ರಕ್ತವೇ ಇರಬೇಕು. ಮೂರರಿಂದ ಆಚೆ ಒಂದು ಬೆರಳಿನ ಗುರುತಿಲ್ಲ.

ಹೊಸಬರು ನುಡಿಸುವುದು ಅಲ್ಲೇ. ತಿಂಗಳುಗಟ್ಟಲೆ ಅಲ್ಲೇ. ನಾನು ಅಲ್ಲಿ ಕೈ ಇಟ್ಟು ಪರೀಕ್ಷೆ ಮಾಡಿದ್ದು ಯಾವಾಗ? ನೆನಪೇ ಇಲ್ಲ.

ಮೊದಲ ಫ್ರೆಟ್ ಒತ್ತಿದೆ. ಏನೂ ಅನ್ನಿಸಲಿಲ್ಲ. ಅನ್ನಿಸುವುದಾದರೂ ಹೇಗೆ, ಎಡಗೈ ಬೆರಳ ತುದಿ ಜಡ್ಡುಗಟ್ಟಿ ಚಪ್ಪಲಿ ಅಟ್ಟೆ ಆಗಿದೆ. ಒಂದು ಕ್ಷಣ ಯೋಚಿಸಿ ಬಲಗೈ ಬೆರಳಿನಿಂದ ಒತ್ತಿದೆ. ಬಲಗೈ ಮೀಟುವ ಕೈ, ಮೆತ್ತಗಿದೆ.

ಅಯ್ಯೋ ಶಿವನೇ. ಚುರುಕ್ ಅಂದಿತು. ತಂತಿ ಚರ್ಮದೊಳಗೆ ಇಳಿದ ಹಾಗೆ. ಐದು ಸಲ ಒತ್ತುವಷ್ಟರಲ್ಲಿ ಗೆರೆ ಬಿತ್ತು.

ತಂತಿಗಳು ನೆಕ್ ತುದಿಯಲ್ಲಿ, ಮೊದಲ ಫ್ರೆಟ್‌ನ ಪಕ್ಕದಲ್ಲೇ, ಒಂದು ಬಿಳಿ ಪಟ್ಟಿಯ ಗೀರುಗಳಲ್ಲಿ ಕೂರುತ್ತವೆ. ನಟ್ ಅನ್ನುತ್ತೇವೆ. ಕಾರ್ಖಾನೆಯವರು ಆ ಗೀರನ್ನು ಆಳ ಮಾಡದೆ ಹಾಗೇ ಕಳಿಸಿದ್ದಾರೆ. ತಂತಿ ಮಾಳಿಗೆಯಲ್ಲಿ ನಿಂತಿದೆ, ಅದನ್ನು ನೆಲಕ್ಕೆ ಇಳಿಸಬೇಕು. ಅಷ್ಟು ದೂರ ಎಳೆದಾಗ ಶ್ರುತಿ ಏರದೇ ಇರುತ್ತದಾ? ಫ್ರೆಟ್ ಒತ್ತಿ ಟ್ಯೂನರ್ ನೋಡಿದೆ. ಮುಳ್ಳು ಮೇಲಕ್ಕೆ ಹೋಗಿ ನಿಂತಿತು. ಒಂಚೂರು. ಅವಳು ಹೇಳಿದ ಅದೇ ಒಂಚೂರು.

ಅವಳ ಕಿವಿ ಸರಿಯಾಗಿತ್ತು. ನನ್ನ ಮಾತು ನಂಬಿ ತನ್ನ ಕಿವಿಯನ್ನೇ ಅನುಮಾನಿಸಿದಳು. ಇದಕ್ಕಿಂತ ಅವಳು ನನಗೆ ನಾಲ್ಕು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 8, ಬುಧವಾರ

ಎರಡು ದಿನದಿಂದ ಅಂಗಡಿಯ ಅಷ್ಟೂ ಗಿಟಾರ್ ಇಳಿಸಿ ಬಲಗೈಯಲ್ಲಿ ಒತ್ತಿ ನೋಡುತ್ತಿದ್ದೇನೆ. ಉಲ್ಟಾ ಹಿಡಿದುಕೊಂಡು, ಮೊದಲ ಮೂರು ಫ್ರೆಟ್ ಮಾತ್ರ. ಗಡಿಯಾರ ಬಂದು ನಿಂತರು. ಮೊದಲ ಸಲ ನನ್ನ ಮುಖ ನೋಡಿದರು.

"ಏನಪ್ಪಾ, ಇಷ್ಟು ವರ್ಷ ಆದ್ಮೇಲೆ ಯಾವ ಕಡೆ ಹಿಡೀಬೇಕು ಅಂತ ಮರೆತುಹೋಯ್ತಾ?"

ವಿವರಿಸಿದೆ. ಒತ್ತಿ ನೋಡಿ ಅಂತ ಕೊಟ್ಟೆ. ಕ್ಯಾಲ್ಕುಲೇಟರ್ ಬಿಟ್ಟು ಬೇರೇನೂ ಒತ್ತಿದ ಬೆರಳಲ್ಲ ಅದು. ಒತ್ತಿದರು. "ಹಾ" ಅಂತ ಕೈ ಕೊಡವಿದರು. ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು.

ಎ ಕೊಟ್ಟ ಹತ್ತೊಂಬತ್ತರಲ್ಲಿ ಹದಿನಾಲ್ಕು ಹೊಸಬರ ಕೈಗೆ ಲಾಯಕ್ಕಿಲ್ಲ. ಮೂಲೆಗೆ ತಳ್ಳಿದ್ದ ಆ ದರಿದ್ರ ಕಪ್ಪು ಗಿಟಾರ್, ಕೆಂಪಿನ ಅರ್ಧ ಬೆಲೆಯದು, ಬೆಣ್ಣೆ. ಬಣ್ಣ ಬಳಿದವನು ಕಣ್ಣು ಮುಚ್ಚಿಕೊಂಡಿದ್ದರೂ ನಟ್ ಕೊರೆದವನು ಕಣ್ಣು ಬಿಟ್ಟುಕೊಂಡಿದ್ದ. ಮರ ಪರವಾಗಿಲ್ಲ, ನೆಕ್ ನೇರ, ಬಿರಡೆ ಬಿಗಿ. ಫ್ರೆಟ್ ತುದಿ ಮಾತ್ರ ಒರಟು.

ಇಷ್ಟು ದಿನ ನಾನು ಅಳೆದದ್ದು ಗಿಟಾರನ್ನಲ್ಲ. ಅದು ನನ್ನ ಕೈಗೆ ಎಷ್ಟು ಒಪ್ಪುತ್ತದೆ ಅನ್ನುವುದನ್ನು. ಕೊಂಡುಕೊಳ್ಳುವವರು ನಾನಲ್ಲವಲ್ಲ.

ಕಪ್ಪು ಗಿಟಾರಿನ ಫ್ರೆಟ್ ತುದಿ ಅರದಲ್ಲಿ ಉಜ್ಜಿದೆ. ಎರಡು ಗೀರು ಇನ್ನೊಂದು ಕೂದಲೆಳೆಯಷ್ಟು ಆಳ ಮಾಡಿದೆ. ತೆಳು ತಂತಿ ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ.

ಏಪ್ರಿಲ್ 12, ಭಾನುವಾರ

ಹೋದೆ. ಅಕ್ಕ ನನ್ನ ಕೈಯಲ್ಲಿ ಕಪ್ಪು ಗಿಟಾರ್ ನೋಡಿದವಳೇ ಬಾಗಿಲು ಅರ್ಧ ಮುಚ್ಚಿದಳು.

"ಬೇಡ ಅಂದ್ನಲ್ಲ."

"ಗಿಟಾರ್ ಬೇಡ ಅಂದ್ರೆ ಬೇಡ. ಮಾತು ಕೇಳಿಸ್ಕೋ. ನೀನು ಹೇಳಿದ್ದು ಸರಿ ಇತ್ತು. ಒತ್ತಿದ್ರೆ ಶ್ರುತಿ ಏರ್ತಿತ್ತು. ನಿನ್ನ ಕಿವಿಗೆ ಏನೂ ಆಗಿಲ್ಲ. ತಪ್ಪು ನಂದು ಕಣಕ್ಕ, ನಾನು ಸರಿಯಾಗಿ ನೋಡಿರ್ಲಿಲ್ಲ."

ಮೆಟ್ಟಿಲ ಮೇಲೆಯೇ ಹೇಳಿದೆ. ಪಕ್ಕದ ಮನೆಯವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.

ಬಾಗಿಲು ಪೂರ್ತಿ ತೆಗೆದಳು. ಆಮೇಲೆ ಆ ಒಡಕು ದನಿಯಲ್ಲೇ ಉಗಿಯಲು ಶುರುಮಾಡಿದಳು. "ಒಂದು ತಿಂಗಳು ಕಣೋ. ಒಂದು ತಿಂಗಳು ನನ್ನನ್ನ ನಾನೇ ಬೈಕೊಂಡು ಕೂತಿದ್ನಲ್ಲೋ. ಕಿವಿ ಡಾಕ್ಟ್ರ ಹತ್ರ ಬೇರೆ ಹೋಗ್ಬಂದೆ. ದೊಡ್ಡ ಮೇಸ್ತ್ರಿ ಇವನು. ಮುಖ ನೋಡು." ಹತ್ತು ನಿಮಿಷ. ಭಾವ ಒಳಗೆ ನಗು ತಡೆದುಕೊಂಡು ಕೆಮ್ಮುತ್ತಿದ್ದರು. ನನಗೆ ಎಷ್ಟು ಹಾಯೆನಿಸಿತು ಅಂದರೆ, ಇನ್ನಷ್ಟು ಬೈಯಲಿ ಅನ್ನಿಸಿತು.

ಗಿಟಾರ್ ಒಳಗೆ ತೆಗೆದುಕೊಂಡಳು. ನುಡಿಸಲಿಲ್ಲ. "ಇದೇನೋ ಇಷ್ಟು ಕೆಟ್ಟದಾಗಿದೆ" ಅಂದಳು.

ಏಪ್ರಿಲ್ 20

ಅಕ್ಕನ ಫೋನ್ ಇಲ್ಲ. ನಾನೂ ಮಾಡಲಿಲ್ಲ.

ಮೇ 10, ಭಾನುವಾರ

ಬೆಳಿಗ್ಗೆ ಏಳಕ್ಕೇ ಫೋನ್. ಹಲೋ ಇಲ್ಲ, ಏನಿಲ್ಲ. ಕಾರ್ಡ್. ನಾಲ್ಕು ಸಲ ಮೀಟಿದಳು. ಇನ್ನೊಂದು. ಮತ್ತೊಂದು. ನಡುವೆ ಬೆರಳು ಹುಡುಕಾಡುವ ಸದ್ದು. ನಾಲ್ಕನೇ ಕಾರ್ಡ್ ಮುಗಿದ ಮೇಲೆ ಉಸಿರಾಟ ಮಾತ್ರ ಕೇಳಿಸಿತು.

"ಸೇರ್ತಾ?"

"ಸೇರ್ತು ಅಕ್ಕ."

"ನಂಗೂ ಸೇರ್ತು ಅನ್ನಿಸ್ತು" ಅಂದವಳೇ ಇಟ್ಟುಬಿಟ್ಟಳು. ಟವೆಲ್ ಹಿಡಿದುಕೊಂಡು ಹಾಗೇ ನಿಂತಿದ್ದೆ. ಅಳು ಬಂತು. ಬರೆಯೋಕೆ ಏನು ನಾಚಿಕೆ, ಬಂತು.

ಮೇ 14, ಗುರುವಾರ

ಅಂಗಡಿಯ ಹಳೇ ಬಿಲ್ ಪುಸ್ತಕ ತೆಗೆದು, ಎರಡು ವರ್ಷದಲ್ಲಿ ನನ್ನ ಎ ಗಿಟಾರ್ ಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ. ತನ್ನಿ, ಸರಿ ಮಾಡಿಕೊಡುತ್ತೇನೆ. ಹೆಚ್ಚಿನವರ ಉತ್ತರ ಒಂದೇ: "ಅಯ್ಯೋ, ಅದು ಬೀರು ಮೇಲಿದೆ." ಎಷ್ಟು ಬೀರುಗಳ ಮೇಲೆ ನನ್ನ ತೀರ್ಪು ಧೂಳು ತಿನ್ನುತ್ತಿದೆಯೋ.

ಇವತ್ತು ಒಬ್ಬ ಬಸ್ ಡ್ರೈವರ್ ತಂದರು. ತಿದ್ದಿಕೊಟ್ಟೆ. ಒತ್ತಿದರು, ಮೀಟಿದರು, ಗಿಟಾರನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. "ನನ್ನ ಬೆರಳೇ ದಪ್ಪ ಅನ್ಕೊಂಡಿದ್ದೆ ಸ್ವಾಮಿ." ಹೋಗುವಾಗ ಒಂದು ಸೆಟ್ ತಂತಿ, ಒಂದು ಬೆಲ್ಟ್ ಕೊಂಡರು. ಗಡಿಯಾರ ಅದನ್ನು ನೋಡಿದರು. ಸಂಜೆ ಬಂದು, "ಒಂದಕ್ಕೆ ಇಪ್ಪತ್ತು ನಿಮಿಷ ತಗೋ. ಇಪ್ಪತ್ತೊಂದು ಬೇಡ" ಅಂದರು.

ಜೂನ್ 12, ಶುಕ್ರವಾರ

ಅಕ್ಕನಿಗೆ ಐದು ಕಾರ್ಡ್ ಬಂದಿದೆ. ಆರನೆಯದು ಕೈ ಕೊಡುತ್ತಿದೆ. ತೋರುಬೆರಳಿನಿಂದ ತಂತಿಗಳನ್ನೆಲ್ಲ ಅಡ್ಡಕ್ಕೆ ಒಟ್ಟಿಗೆ ಒತ್ತಬೇಕು, ಘಟಾನುಘಟಿಗಳನ್ನೇ ಅಳಿಸಿದ ಕಾರ್ಡ್. "ನಾವು ನುಡಿಸೋ ಹಾಡಲ್ಲಿ ಅದು ಬರೋದು ಎರಡೇ ಸಲ. ಆಗ ಕೈ ಎತ್ತಿ ತಲೆ ಕೆರ್ಕೋತೀನಿ" ಅಂದಳು. ತಮಾಷೆ ಮಾಡುತ್ತಿದ್ದಾಳೆ. ಎಷ್ಟು ದಿನವಾಗಿತ್ತು.

ರಿಹರ್ಸಲ್‌ಗೆ ನಾನೂ ಹೋಗಿದ್ದೆ. ಹಾಡುವ ಹುಡುಗಿ ಎರಡನೇ ಸಾಲಿನಲ್ಲಿ ಶ್ರುತಿಯಿಂದ ಸ್ವಲ್ಪ ಇಳಿಯುತ್ತಿದ್ದಳು, ಅಕ್ಕ ಹೇಳುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಅಕ್ಕ ಕೈ ನಿಲ್ಲಿಸಿದಳು. "ಅಲ್ಲಿ ಉಸಿರು ಮೊದ್ಲೇ ತಗೊಂಡುಬಿಡು ಪುಟ್ಟಾ." ಹುಡುಗಿ ತಗೊಂಡಳು. ಸರಿಹೋಯಿತು. ಆಮೇಲೆ ಪ್ರತಿ ಸಾಲಿಗೂ ಹುಡುಗಿ ಅಕ್ಕನ ಮುಖ ನೋಡುತ್ತಿದ್ದಳು.

ಜೂನ್ 20, ಶನಿವಾರ, ಸಂಜೆ 6:10

ಲೈಬ್ರರಿ ಹಾಲ್. ಮೂರನೇ ಸಾಲು. ಸುಮಾರು ನೂರು ಜನ. ಕಾಯಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಾ ಕೂತಿದ್ದೇನೆ. ಪಕ್ಕದಲ್ಲಿ ಹೆಂಡತಿ, ಅವಳ ಪಕ್ಕ ಭಾವ. ಭಾವ ಪ್ರೋಗ್ರಾಂ ಹಾಳೆಯನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದಾರೆ.

6:25

ಬಂದರು. ಅಕ್ಕ ಎಡಗಡೆ ಕುರ್ಚಿ. ಆ ಕಪ್ಪು ಗಿಟಾರ್ ಸ್ಟೇಜ್ ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತಿಲ್ಲ.

ಡ್ರಮ್ಮರ್ ಮೈಕನ್ನು ಹುಡುಗಿಯ ಕಡೆ ತಿರುಗಿಸಿದ, ಹಾಡಿನ ಹೆಸರು ಹೇಳು ಅಂತ. ಹುಡುಗಿ ಅದನ್ನು ಅಕ್ಕನ ಕಡೆ ತಿರುಗಿಸಿದಳು. ಬೇಡ ಅಂತ ಅಕ್ಕ ತಲೆ ಆಡಿಸಿದಳು. ಹುಡುಗಿ ಮೈಕ್ ತೆಗೆಯಲಿಲ್ಲ. ಆಪರೇಷನ್ ಆದ ಮೇಲೆ ತರಕಾರಿ ಅಂಗಡಿಯಲ್ಲೂ ಬಾಯಿ ಬಿಡದೆ ಬೆರಳು ತೋರಿಸಿ ವ್ಯಾಪಾರ ಮಾಡುವವಳು ಇವಳು.

"ಎಲ್ಲರಿಗೂ ನಮಸ್ಕಾರ" ಅಂದಳು ಅಕ್ಕ. ಅದೇ ದನಿ. ಒಡೆದದ್ದು. ಹಾಲ್ ಪೂರ್ತಿ ಕೇಳಿಸಿತು. "ಇದು ನಾನು ಹಾಡ್ತಿದ್ದ ಹಾಡು. ಇವತ್ತು ಇವಳು ಹಾಡ್ತಾಳೆ. ನಾನು ನುಡಿಸ್ತೀನಿ."

ಮೊದಲ ಕಾರ್ಡ್. ಬಿತ್ತು. ಎರಡನೆಯದು. ಮೂರು.

ಆರನೆಯದು ಬರುವ ಜಾಗ ಹತ್ತಿರ ಬರುತ್ತಿದೆ. ತಲೆ ಕೆರೆದುಕೊಳ್ಳುತ್ತಾಳೆ ಅಂತ ನಾನು... ಇಲ್ಲ. ಒತ್ತಿದಳು. ಪೂರ್ತಿ ಬರಲಿಲ್ಲ, ಒಂದು ತಂತಿ ಸತ್ತ ಹಾಗೆ ಟಪ್ ಅಂದಿತು, ಆದರೆ ಶ್ರುತಿಯಲ್ಲೇ ಇತ್ತು, ಅವಳು ನಗುತ್ತಿದ್ದಾಳೆ, ಎರಡನೇ ಸಲಕ್ಕೆ ಈಗಲೇ ಬೆರಳು ಸಿದ್ಧಮಾಡಿಕೊಳ್ಳುತ್ತಿದ್ದಾಳೆ. ಪೆನ್ನು ಕೆಳಗಿಡುತ್ತೇನೆ, ನೋಡಬೇಕು.