ಪೇಟ ತೊಟ್ಟು ಕಾದ ಗಿಟಾರಿಸ್ಟ್

ಅಪ್ಪಾ,

ಹೋದ ನವೆಂಬರಿನಲ್ಲಿ ನಿನ್ನ ಹೆಸರಿನಲ್ಲಿ ಕ್ಲೈವ್ ಟ್ರೆನರಿಯವರಿಗೆ ಒಂದು ಕ್ಷಮಾಪಣೆಯ ಮೇಲ್ ಹೋಗಿದೆ. ಅದನ್ನು ಬರೆದವಳು ನಾನು. ನಿನ್ನ ಲ್ಯಾಪ್‌ಟಾಪ್ ತೆರೆದೇ ಇತ್ತು. ಅವರ ಉತ್ತರ ಬಂದಾಗ ನೀನು ನೋಡುವ ಮೊದಲೇ ಅಳಿಸಿಬಿಟ್ಟೆ. ಹೈಸ್ಕೂಲನ್ನು ನಡುವೆಯೇ ಬಿಟ್ಟದ್ದನ್ನು ನಾನು ಯಾರಿಗೂ ಮುಚ್ಚಿಟ್ಟಿಲ್ಲ. ‘ಗ್ಯಾಪ್ ಇಯರು, ಒಂದು ವರ್ಷ ಬಿಡುವು’ ಎಂದು ಹೇಳಿಕೊಂಡು ತಿರುಗಿದವನು ನೀನು. ಆದರೆ ಈ ಸುಳ್ಳು ನನ್ನದು.

ಇಲ್ಲಿಯ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಅವರನ್ನು ಕರೆಸಿದ್ದು ನೀನೇ. “ನಿನ್ನ ಗಿಟಾರ್ ಮೇಷ್ಟ್ರನ್ನ ಕರ್ಕೊಂಡ್ ಬಾ, ಸ್ಟೇಜ್ ಮೇಲೆ ಒಬ್ಬ ಫಾರಿನರ್ ಇದ್ರೆ ಕಳೆ” ಅಂದೆ. “ಇಲ್ಲಿ ಫಾರಿನರ್ಸು ನಾವು ಕಣ್ರೀ” ಎಂದು ಅಮ್ಮ ನಕ್ಕಳು. ಹತ್ತು ನಿಮಿಷ ನುಡಿಸಲಿ ಎಂದು ನೀನೇ ಒಪ್ಪಿದೆ.

ಮೈಸೂರಿನ ಹಾಸ್ಟೆಲಿನಲ್ಲಿ ಟೇಪು ಸವೆಯುವವರೆಗೆ ಕೇಳಿದೆ ಎಂದು ಹೇಳುತ್ತಾ ನೀನು ಇವತ್ತಿಗೂ ಫ್ರೀವೇನಲ್ಲಿ ಗುನುಗುವ ಹಾಡಿದೆಯಲ್ಲ, ಅದರ ಗಿಟಾರ್ ಅವರದು. ಮೆಲ್ಬರ್ನಿನಲ್ಲಿ ನುಡಿಸಿದರು, ಕ್ಯಾಸೆಟ್ಟಿನ ಮೇಲೆ ಬೇರೆಯವನ ಹೆಸರು ಬಂತು. ಬ್ಯಾಂಡಿನ ಜೊತೆ ಅಮೆರಿಕಕ್ಕೆ ಬಂದರು, ಬ್ಯಾಂಡು ಒಡೆಯಿತು. ಆಮೇಲೆ ನಲವತ್ತು ವರ್ಷ ರೆಡ್‌ವುಡ್ ಸಿಟಿಯ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ತಂತಿಯ ಮೇಲೆ ಬೆರಳಿಡುವುದನ್ನು ಕಲಿಸಿದರು. ಇದನ್ನು ನಿನಗೆ ಹೇಳಿದಾಗ, “ಅಷ್ಟು ದೊಡ್ಡೋನಾಗಿದ್ರೆ ಇಲ್ಲಿ ಯಾಕಮ್ಮ ಟ್ಯೂಷನ್ ಹೇಳ್ಕೊಂಡಿರ್ತಿದ್ದ?” ಅಂದೆ.

ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಸಿ ನೀನು ಅವರನ್ನು ವೇದಿಕೆಯಿಂದ ಕೆಳಗಿಳಿಸಿದೆ. ನಮ್ಮವರ ಲೆಕ್ಕದಲ್ಲಿ ಅಲ್ಲಿಗೆ ಸನ್ಮಾನ ಮುಗಿಯಿತು. ಅವರಿಗೇನು ಗೊತ್ತು? ನುಡಿಸುವವರಿಗೆ ಹಾಕುವ ಉಡುಪು ಅಂದುಕೊಂಡರು. ಪೇಟ ತೆಗೆಯದೆ, ಶಾಲಿನ ಮೇಲೇ ಗಿಟಾರ್ ನೇತುಹಾಕಿಕೊಂಡು ಪರದೆಯ ಪಕ್ಕ ಮೂರು ಗಂಟೆ ನಿಂತರು. ಭಾಷಣಗಳಾದವು. ಡ್ಯಾನ್ಸುಗಳಾದವು. ಅವರು ನುಡಿಸುವುದು ಯಾವಾಗ ಎಂದು ನಾನು ಬಂದು ಕೇಳಿದ್ದಕ್ಕೆ ನೀನು, “ಟೈಮಿಲ್ಲ ಕಣೆ, ಬಿಸಿಬೇಳೆಬಾತ್ ಆರೋಗತ್ತೆ. ಸನ್ಮಾನ ಆಯ್ತಲ್ಲ, ಇನ್ನೇನು?” ಎಂದೆ. ಮೈಕಿನಲ್ಲಿ ಎಲ್ಲರನ್ನೂ ಊಟಕ್ಕೆ ಕರೆದೆ. ಖಾಲಿ ಕುರ್ಚಿಗಳನ್ನು ನೋಡುತ್ತಾ ಅವರು ನನ್ನನ್ನು ಕೇಳಿದರು: “ನನ್ನಿಂದ ಏನಾದರೂ ತಪ್ಪಾಯಿತೇ?”

ಆ ಪ್ರಶ್ನೆ ತಡೆಯಲಾರದೆ ಮೇಲ್ ಬರೆದೆ. ಅವರು ಅದನ್ನು ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿಕೊಂಡರು. ಯಾವುದಾದರೂ ಶನಿವಾರ ಬನ್ನಿ, ನಿಮಗೊಬ್ಬರಿಗೇ ನುಡಿಸುತ್ತೇನೆ ಎಂದು ನಿನಗೆ ಉತ್ತರಿಸಿದ್ದರು. ಪ್ರತಿ ಶನಿವಾರ ಒಂದು ಕುರ್ಚಿ ಹೆಚ್ಚಿಗೆ ಹಾಕುತ್ತಿದ್ದರು. ಅಪ್ಪನಿಗೆ ಮೀಟಿಂಗು ಎಂದು ನಾನು ಹೇಳುತ್ತಿದ್ದೆ. ಏಪ್ರಿಲ್ ಹೊತ್ತಿಗೆ ಅವರ ಎಡಗೈ ಬೆರಳುಗಳು ಮಡಚಲಾರದಂತಾದವು. ಈಗ ನೀನು ಹೋದರೂ ಕೇಳಲು ಏನೂ ಉಳಿದಿಲ್ಲ.

ನಿನ್ನೆ ಅವರಿಗೆ ನಿಜ ಹೇಳಿದೆ. ಬೈಯಲಿಲ್ಲ. “ನಿನ್ನ ಇಂಗ್ಲಿಷು ನನಗೆ ಗೊತ್ತಾಗೋಲ್ಲವೇ?” ಎಂದರು. “ಆದರೂ ನನ್ನ ಹತ್ತಿರ ಯಾರೂ ಕ್ಷಮೆ ಕೇಳಿರಲಿಲ್ಲ. ಅದಕ್ಕೇ ಇಟ್ಟುಕೊಂಡೆ.”

ಅವರು ಕೋಣೆ ಖಾಲಿ ಮಾಡಿ ಆಸ್ಟ್ರೇಲಿಯಾದ ಜೀಲಾಂಗಿನಲ್ಲಿರುವ ತಂಗಿಯ ಮನೆಗೆ ಹೋಗುತ್ತಿದ್ದಾರೆ. ಪೆಟ್ಟಿಗೆಗಳನ್ನು ಎತ್ತಲು ಅವರಿಗೆ ಕೈಯಿಲ್ಲ, ನನಗೆ ಇಲ್ಲಿ ಕೆಲಸವಿಲ್ಲ. ಅವರು ಇನ್ನು ನುಡಿಸಿ ತೋರಿಸಲಾರರು, ಬಾಯಲ್ಲಿ ಹೇಳಿದ್ದನ್ನು ನಾನು ತಂತಿಯಲ್ಲಿ ಹುಡುಕಬೇಕು. ಎಷ್ಟು ಸಿಗುತ್ತದೋ ಗೊತ್ತಿಲ್ಲ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿದಿದೆ ಎಂದು ಬರೆಯಲಾರೆ. ಅಮ್ಮನನ್ನು ನೋಡಿಕೋ. ಬಿಪಿ ಮಾತ್ರೆ ತಪ್ಪಿಸಬೇಡ, ಬಹಳ ಕಾಲ ಚೆನ್ನಾಗಿರು. ನಾಳೆ ಬೆಳಿಗ್ಗೆ ಅವರ ಜೊತೆ ಹೊರಡುತ್ತಿದ್ದೇನೆ.

ಮಾನ್ಯಾ