ಎರಡನೇ ವಿಳಾಸ

ಗೂಡಲೂರು
16-6-2007, ಶನಿವಾರ

ನನ್ನ ಪ್ರೀತಿಯ ಅತ್ತೆಗೆ,

ಮಣಿಕಟ್ಟಿನ ನೋವು ಹೇಗಿದೆ? ಈ ಥಂಡಿಗೆ ಮತ್ತೆ ಊದಿಕೊಂಡಿರಬೇಕು. ಎಡಗೈಯಲ್ಲೇ ಟೀ ಎಲೆ ಕೀಳುವುದು ಕಲಿತೆ, ಮೇಸ್ತ್ರಿಗೆ ಗೊತ್ತೇ ಆಗಲಿಲ್ಲ ಎಂದು ಹೋದ ಸಲ ಬರೆದಿದ್ದಿರಿ. ಓದಿ ನಗು ಬಂತು, ಆಮೇಲೆ ನಿಮ್ಮ ಕಾಗದ ಬರುವ ಬಂಗಾರಮ್ಮನ ಅಂಗಡಿಯ ಹಿಂದೆ ನಿಂತು ಅತ್ತುಬಿಟ್ಟೆ. ಬಿಸಿನೀರಿಗೆ ಉಪ್ಪು ಹಾಕಿ ಕೈ ಇಡಿ. ಪುಟ್ಟಿ ಚೆನ್ನಾಗಿದ್ದಾಳೆ. ಹುಬ್ಬಿನ ಹೊಲಿಗೆ ಬಿಚ್ಚಿದರು. ಹದಿನೈದು ದಿನದಿಂದ ನನಗೆ ನಿದ್ದೆಯಿಲ್ಲ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ನಿಮ್ಮ ಆ ಕಾಗದ ಅಕ್ಕಿ ಡಬ್ಬದಲ್ಲಿ ನಿಮ್ಮ ಮಗನ ಕೈಗೆ ಸಿಕ್ಕಿತ್ತು. ತಿರುಗಿಸಿ ತಿರುಗಿಸಿ ನೋಡಿ, ‘ಏನಿದು, ಜಿಲೇಬಿ ಸುತ್ತಿದ ಹಾಗೆ?’ ಅಂದರು. ನನ್ನ ತವರಿಂದ ನಮ್ಮಮ್ಮ ಹುರುಳಿಕಾಳಿನ ಬಸ್ಸಾರು ಮಾಡೋದು ಬರೆದಿದ್ದಾರೆ ಅಂದೆ. ‘ಹಾಗಾದ್ರೆ ಇವತ್ತೇ ಮಾಡು ಡಿಗ್ರಿ ಮೇಡಂ, ನೋಡೋಣ.’ ಮಾಡಿದೆ. ‘ನಮ್ಮಮ್ಮ ಮಾಡಿದ ಹಾಗೇ ಇದೆ’ ಎಂದು ನಿಮ್ಮನ್ನು ನೆನೆದು ಎರಡು ಸಲ ಬಡಿಸಿಕೊಂಡರು. ಮಗನನ್ನು ಕನ್ನಡ ಕಲಿಸದೆ ತಮಿಳು ಶಾಲೆಗೆ ಹಾಕಿದ್ದೇ ನನ್ನ ಜನ್ಮದ ಪುಣ್ಯ ಎಂದು ನೀವು ಹೇಳುತ್ತಿದ್ದದ್ದು ನೆನಪಾಯಿತು. ನಿಮ್ಮ ಕೈ ಮುರಿದ ಮರುದಿನ ನೀವು ನಂಜನಗೂಡಿಗೆ, ಅಣ್ಣನ ಮನೆಗೆ ಹೋದಿರಿ ಎಂದೇ ಅವರು ಇಂದಿಗೂ ನಂಬಿದ್ದಾರೆ. ಆ ಸೋದರಮಾವನ ಜೊತೆ ಅವರು ಮಾತು ಬಿಟ್ಟಿದ್ದು ಒಳ್ಳೆಯದೇ ಆಯಿತು. ನೀವಿರುವ ಕಟ್ಟಬೆಟ್ಟಿನ ಹೆಸರು ಈ ಮನೆಯಲ್ಲಿ ಯಾರೂ ಎತ್ತಿಲ್ಲ.

ಹೊಲಿಗೆಯ ವಿಷಯ ಹೇಳುತ್ತೇನೆ. ಹೋದ ತಿಂಗಳ ಕೊನೆಗೆ ಮಂಡಿಯಲ್ಲಿ ಶುಂಠಿ ರೇಟು ಬಿದ್ದಿತ್ತು. ‘ಬಾಗಿಲಿಗೆ ಬೆನ್ನು ಹಾಕಿ ಒಲೆ ಮುಂದೆ ನಿಲ್ಲಬೇಡ ಕಣಮ್ಮ’ ಎಂದು ನೀವು ಮದುವೆಯಾದ ವಾರವೇ ಹೇಳಿಕೊಟ್ಟಿದ್ದಿರಿ. ಅವತ್ತು ಮರೆತೆ. ಅವರು ಕುಕ್ಕರ್ ಮುಚ್ಚಳ ನನಗೆಂದು ಬೀಸಿದ್ದು, ಸೊಂಟದ ಮೇಲಿದ್ದ ಪುಟ್ಟಿಗೆ ತಗುಲಿತು. ಆಸ್ಪತ್ರೆಯಲ್ಲಿ ನರ್ಸು ಎಂದಿನ ಹಾಗೆ, ಏಟು ಹೇಗಾಯಿತೆಂದು ಬರೆಯುವ ಚೀಟಿ ನನ್ನ ಕಡೆ ತಳ್ಳಿ, ನೀವೇ ಬರೀರಿ, ಓದಿದವರು ಅಂದರು. ಹಿಂದಿನ ನಾಲ್ಕು ಚೀಟಿಯೂ ನಾನೇ ಬರೆದದ್ದು. ಮೂರರಲ್ಲಿ ನಾನು ಮೆಟ್ಟಿಲಲ್ಲಿ ಜಾರಿದ್ದೇನೆ, ಒಂದರಲ್ಲಿ ನೀವು ಟೀ ಗಿಡದ ಬೇರು ಎಡವಿದ್ದೀರಿ. ಎಲ್ಲಾ ಒಳ್ಳೆಯ ಇಂಗ್ಲಿಷಿನಲ್ಲಿ, ಒಂದು ತಪ್ಪಿಲ್ಲದೆ. ಬಿ.ಎ. ಓದಿದ್ದು ಅಷ್ಟಕ್ಕೆ ಬಂತು. ಈ ಸಲ ಇದ್ದದ್ದು ಬರೆದೆ.

ಆಮೇಲೆ ಒಂದು ದಿನ ಅವರು ಮಂಡಿಗೆ ಹೋದ ಮೇಲೆ ಪುಟ್ಟಿಯನ್ನು ಎತ್ತಿಕೊಂಡು ಊಟಿ ಬಸ್ಸು ಹತ್ತಿದೆ. ಹೆಂಗಸರ ರಕ್ಷಣೆಗೆಂದು ಹೊಸ ಕಾನೂನು ಬಂದಿದೆಯಂತೆ, ಅದನ್ನು ನೋಡಿಕೊಳ್ಳುವ ಮೇಡಂ ಒಬ್ಬರಿದ್ದಾರೆ. ಕೂರಿಸಿಕೊಂಡು ಮೂರು ಗಂಟೆ ಬರೆದುಕೊಂಡರು. ‘ಹೋದ ವರ್ಷ ಈ ಹೊತ್ತಿಗೆ ಬಂದಿದ್ರೆ ನನ್ನ ಹತ್ರ ಈ ಫಾರಮ್ಮೇ ಇರಲಿಲ್ಲಮ್ಮಾ’ ಅಂದರು. ನಿನ್ನೆ ಕೋರ್ಟು. ನಿಮ್ಮ ಮಗ ಗುರುವಾರವೇ ಲೋಡಿನ ಜೊತೆ ಮೆಟ್ಟುಪಾಳ್ಯಕ್ಕೆ ಹೋಗಿದ್ದರು, ಸೋಮವಾರ ಬೆಳಿಗ್ಗೆ ಬರುತ್ತಾರೆ. ಜಡ್ಜ್ ಚೀಟಿಗಳನ್ನು ಸಾಲಾಗಿ ಇಟ್ಟುಕೊಂಡು, ‘ಐದರಲ್ಲಿ ನಾಲ್ಕು ಸುಳ್ಳೋ, ಒಂದು ಸುಳ್ಳೋ?’ ಎಂದು ಕೇಳಿದರು. ಅಷ್ಟರಲ್ಲಿ ಹೊರಗೆ ಪ್ಯೂನು ಯಾರದೋ ಹೆಸರು ಕೂಗಿದ. ಗಂಡಸಿನ ದನಿ ಕೇಳಿದ್ದೇ ಪುಟ್ಟಿ ನನ್ನ ಕೈ ಬಿಡಿಸಿಕೊಂಡು ಬೆಂಚಿನ ಕೆಳಗೆ ನುಸುಳಿ, ಬಾಯಿಗೆ ಎರಡೂ ಕೈ ಒತ್ತಿಕೊಂಡು ಕೂತಳು. ಮನೆಯಲ್ಲಿ ಮಂಚದ ಕೆಳಗೆ ಕೂರುತ್ತಾಳಲ್ಲ, ಹಾಗೇ. ಯಾರೂ ಹೇಳಿಕೊಟ್ಟದ್ದಲ್ಲ. ಜಡ್ಜ್ ಅವಳನ್ನೇ ನೋಡುತ್ತಾ ಕೂತರು. ಚೀಟಿಯ ಮಾತು ಮತ್ತೆ ತೆಗೆಯಲಿಲ್ಲ. ನಿಮ್ಮ ಮಗ ಮನೆ ಬಿಡಬೇಕು, ನನ್ನ ಹತ್ತಿರ, ಮಗುವಿನ ಹತ್ತಿರ ಸುಳಿಯಬಾರದು ಎಂದು ಮುಂದಿನ ವಾಯಿದೆಯವರೆಗೆ ಆದೇಶ ಬರೆಸಿದರು.

ಬೆಚ್ಚಗಿರಿ ಅತ್ತೆ, ಹೊತ್ತು ಹೊತ್ತಿಗೆ ತಿನ್ನಿ. ಪುಟ್ಟಿ ನಿಮ್ಮ ಹಳೇ ಶಾಲು ಬಿಡುವುದಿಲ್ಲ. ಅವಳ ಮುತ್ತು, ನನ್ನ ನಮಸ್ಕಾರ.

ನಿಮ್ಮ ಸೊಸೆ,
ವೀಣಾ

ಮರೆತ ಮಾತು: ಮರೆತಿರಲಿಲ್ಲ. ಆದೇಶ ಬರೆಸುವ ಮೊದಲು ಜಡ್ಜ್ ಕೇಳಿದ್ದರು, ‘ಹೊರಗೆ ಹಾಕಿದರೆ ಆತ ಎಲ್ಲಿಗೆ ಹೋಗಬೇಕಮ್ಮಾ?’ ತಾಯಿ ಮನೆಗೆ ಅಂದೆ. ವಿಳಾಸ ಕೇಳಿದರು. ಕವರಿನ ಮೇಲೆ ಬರೆದೂ ಬರೆದೂ ಬಾಯಿಪಾಠವಾಗಿತ್ತು, ನಿಮ್ಮ ಕಟ್ಟಬೆಟ್ಟಿನದನ್ನೇ ಪಿನ್‌ಕೋಡ್ ಸಮೇತ ಹೇಳಿದೆ. ಅದು ಈಗ ಆದೇಶದಲ್ಲಿದೆ, ತಮಿಳಿನಲ್ಲಿ. ಸೋಮವಾರ ಪೊಲೀಸರು ಅವರ ಕೈಗೆ ಕೊಡುತ್ತಾರೆ, ಅದನ್ನು ಅವರು ಓದಬಲ್ಲರು. ಬಾಯಿ ತಪ್ಪಿತು ಎಂದು ಬರೆದು ಎರಡು ಹಾಳೆ ಹರಿದೆ. ತಪ್ಪಲಿಲ್ಲ ಅತ್ತೆ. ನಂಜನಗೂಡಿನ ವಿಳಾಸವೂ ನನಗೆ ಗೊತ್ತಿತ್ತು, ಬೇರೆ ರಾಜ್ಯ ಅಂದರೆ ಎಲ್ಲಿ ಆದೇಶ ನಿಂತುಹೋಗುತ್ತದೋ ಎಂದು ಹೇಳಲಿಲ್ಲ. ಅಂಚೆಗೆ ಹಾಕಿದರೆ ತಡವಾಗುತ್ತದೆ, ನಿಮ್ಮ ಕಡೆಯಿಂದ ಬಂಗಾರಮ್ಮನಿಗೆ ಟೀಪುಡಿ ತರುವ ಚಂದ್ರನ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಆ ಕೋಣೆ ಬಿಡಿ. ಇಲ್ಲಿಗೆ ಮಾತ್ರ ಬರಬೇಡಿ, ನೀವಿದ್ದರೆ ತಾಯಿಯನ್ನು ನೋಡಲು ಬಂದೆ ಎಂದು ಬಾಗಿಲಿಗೆ ಬರುತ್ತಾರೆ. ಎಲ್ಲಿಗೆ ಹೋದಿರೆಂದು ನನಗೂ ಬರೆಯಬೇಡಿ. ಪುಟ್ಟಿಯನ್ನು ಎತ್ತಿಕೊಂಡು ನಿಂತಿರುವಾಗ ಯಾರಾದರೂ ಕೇಳಿದರೆ, ಮತ್ತೆ ಹೇಳಿಬಿಡುತ್ತೇನೆ.